ಮೂವತ್ತು ವರ್ಷದ ಕ್ಯಾಸೆಟ್ ಓಡಿತು, ಪಟ್ಟಿಯಲ್ಲಿದ್ದ ಸಿನಿಮಾ ಮಾಯವಾಯಿತು: ಯಾವುದನ್ನು ನೆಚ್ಚಿಕೊಳ್ಳುವುದು?

ಹಳೇರೀಲು (ಚರ್ಚೆ ಆರಂಭಿಸಿದವರು)

ಕಳೆದ ಆಷಾಢದಲ್ಲಿ ಸಾಗರದ ಬಳಿಯ ನಮ್ಮ ಮನೆಗೆ ಹೋಗಿದ್ದಾಗ ನಡೆದ ಎರಡು ಸಂಗತಿಗಳು ಈ ಪ್ರಶ್ನೆಗೆ ಕಾರಣ. ಅಮ್ಮನಿಗೆ ತೋರಿಸಬೇಕೆಂದು ಹಳೆಯ ಕನ್ನಡ ಸಿನಿಮಾವೊಂದನ್ನು, ನಾನು ಹಣ ಕೊಟ್ಟು ಸದಸ್ಯನಾಗಿರುವ ಸ್ಟ್ರೀಮಿಂಗ್ ಸೇವೆಯೊಂದರ ‘ನನ್ನ ಪಟ್ಟಿ’ಯಲ್ಲಿ ಸೇರಿಸಿಟ್ಟಿದ್ದೆ. ಫೈಬರ್ ಸಂಪರ್ಕ ಸರಿಯಾಗಿದೆಯೆಂದು ನೋಡಿಕೊಂಡು, ಊಟ ಮುಗಿಸಿ ಮನೆಮಂದಿಯೆಲ್ಲ ಕುಳಿತ ಮೇಲೆ ತೆರೆದರೆ ಆ ಸಿನಿಮಾ ಪಟ್ಟಿಯಲ್ಲೇ ಇರಲಿಲ್ಲ. ಹುಡುಕಿದಾಗ ಹೆಸರು ಹೋಲುವ ಬೇರೆ ಭಾಷೆಯ ನಾಲ್ಕು ಸಿನಿಮಾಗಳು ಬಂದವು. ತೆಗೆದುಹಾಕಿದ್ದೇವೆ ಎಂಬ ಒಂದು ಸಾಲಿನ ಸೂಚನೆಯೂ ಎಲ್ಲಿಯೂ ಇರಲಿಲ್ಲ.

ಮರುದಿನ ಅಟ್ಟದ ಟ್ರಂಕಿನಲ್ಲಿ 1994ರ ವಿ.ಎಚ್.ಎಸ್. ಕ್ಯಾಸೆಟ್ಟೊಂದು ಸಿಕ್ಕಿತು. ನಮ್ಮ ಮನೆಯ ಹರಕೆಗೆ ಆಡಿಸಿದ ಬಯಲಾಟವನ್ನು ಪೇಟೆಯ ವಿಡಿಯೋದವರೊಬ್ಬರು ಚಿತ್ರೀಕರಿಸಿ ಕೊಟ್ಟದ್ದು ಅದು. ನೆಂಟರ ಮನೆಯಲ್ಲಿ ಪ್ಲಾಸ್ಟಿಕ್ ಹೊದಿಸಿಟ್ಟಿದ್ದ ವಿ.ಸಿ.ಪಿ.ಯನ್ನು (ವಿಡಿಯೋ ಕ್ಯಾಸೆಟ್ ಪ್ಲೇಯರ್) ತಂದು, ಹೆಚ್ಚಿನ ಭರವಸೆಯಿಲ್ಲದೆ ಹಾಕಿದೆವು. ಮೊದಲ ಐದು ನಿಮಿಷ ಬರೀ ಬಿಳಿಯ ಗೆರೆಗಳು. ಟ್ರ್ಯಾಕಿಂಗ್ ಗುಂಡಿಯನ್ನು ನಿಧಾನವಾಗಿ ತಿರುಗಿಸುತ್ತ ಹೋದಂತೆ ಚೌಕಿಯಿಂದ ವೇಷಗಳು ಹೊರಬಂದವು, ಚೆಂಡೆಯ ಸದ್ದು ಸ್ವಲ್ಪ ತೇಲಿದಂತಿದ್ದರೂ ಭಾಗವತರ ಪದ ಅಕ್ಷರಾಕ್ಷರವಾಗಿ ಕೇಳಿಸಿತು.

ಚಿತ್ರದ ಗುಣಮಟ್ಟದಲ್ಲಿ ಎರಡನ್ನೂ ಹೋಲಿಸುವ ಹುಚ್ಚು ನನಗಿಲ್ಲ. ನಾನು ಕೇಳುತ್ತಿರುವುದು ನೆಚ್ಚಿಕೆಯ ಮಾತು. ಇಂದು ರಾತ್ರಿ ನೋಡಬೇಕೆಂದರೆ ಯಾವುದು ಕೈಕೊಡುವುದಿಲ್ಲ ಎಂಬುದೂ ಇಪ್ಪತ್ತು ವರ್ಷದ ಮೇಲೆ ನೋಡಬೇಕೆಂದರೆ ಯಾವುದು ಉಳಿದಿರುತ್ತದೆ ಎಂಬುದೂ ಒಂದೇ ಪ್ರಶ್ನೆಯಲ್ಲವೆಂದು ನನಗೆ ಅನ್ನಿಸತೊಡಗಿದೆ. ಕ್ಯಾಸೆಟ್, ವಿ.ಸಿ.ಡಿ. (ವಿಡಿಯೋ ಸಿ.ಡಿ.), ಡಿ.ವಿ.ಡಿ.ಗಳೊಡನೆ ನಿಜವಾಗಿ ಏಗಿದವರು, ಅವುಗಳ ತೊಂದರೆಗಳನ್ನೂ ಮರೆಮಾಚದೆ, ಬರೆಯಬೇಕೆಂದು ಕೋರುತ್ತೇನೆ.

ಕ್ಯಾಸೆಟ್ ಅಂಗಡಿ

ದಾವಣಗೆರೆಯಲ್ಲಿ 1988ರಿಂದ ಸುಮಾರು ಹದಿನೆಂಟು ವರ್ಷ ವಿಡಿಯೋ ಲೈಬ್ರರಿ ನಡೆಸಿದ ನಾನು ಮರೆಮಾಚಲು ಹೊರಟರೆ ನನ್ನ ಹಳೆಯ ಗಿರಾಕಿಗಳೇ ನಕ್ಕಾರು. ನಿಮ್ಮ ಕ್ಯಾಸೆಟ್ ಮೂವತ್ತು ವರ್ಷ ಬಾಳಿದ್ದಕ್ಕೆ ಮುಖ್ಯ ಕಾರಣ, ಮೂವತ್ತು ವರ್ಷ ಅದನ್ನು ಯಾರೂ ಹಾಕಿ ನೋಡದೆ ಇದ್ದದ್ದು. ಬಾಡಿಗೆಗೆ ಹೋಗುತ್ತಿದ್ದ ಕ್ಯಾಸೆಟ್ಟಿನ ಆಯಸ್ಸು ಬೇರೆಯೇ ಆಗಿತ್ತು.

ಮೂರು ಗಂಟೆಯ ಇ-180 ಕ್ಯಾಸೆಟ್ಟಿನೊಳಗೆ ಸುಮಾರು 258 ಮೀಟರ್ ಉದ್ದದ, ಅರ್ಧ ಇಂಚು ಅಗಲದ ಟೇಪು ಇರುತ್ತದೆ. ಯಂತ್ರವು ಅದನ್ನು ಡಬ್ಬಿಯಿಂದ ಹೊರಗೆಳೆದು, ಸೆಕೆಂಡಿಗೆ 25 ಸುತ್ತು ತಿರುಗುವ ಡ್ರಮ್ಮಿಗೆ ಸುತ್ತಿ ಓಡಿಸುತ್ತದೆ. ಅಂದರೆ ಪ್ರತಿ ಸಲ ನೋಡುವಾಗಲೂ ಅದು ಅಷ್ಟಿಷ್ಟು ಉಜ್ಜಿಹೋಗುತ್ತದೆ. ಯಾವ ಸಿನಿಮಾದ ಯಾವ ಹಾಡು ಜನಪ್ರಿಯ ಎಂಬುದನ್ನು ನಾನು ಟೇಪು ನೋಡಿಯೇ ಹೇಳುತ್ತಿದ್ದೆ, ಏಕೆಂದರೆ ಹಿಂದಕ್ಕೆ ಸುತ್ತಿ ಸುತ್ತಿ ನೋಡಿದ ಆ ಜಾಗದಲ್ಲೇ ಗೆರೆಗಳು ಎದ್ದಿರುತ್ತಿದ್ದವು. ಗಣೇಶನ ಹಬ್ಬದಲ್ಲಿ ಕಲರ್ ಟಿ.ವಿ., ವಿ.ಸಿ.ಪಿ. ಮತ್ತು ನಾಲ್ಕು ಕ್ಯಾಸೆಟ್‌ಗಳನ್ನು ಒಂದು ರಾತ್ರಿಯ ಬಾಡಿಗೆಗೆ ಕಳುಹಿಸಿದರೆ, ನಡುರಾತ್ರಿಯಲ್ಲಿ ಯಾರಾದರೊಬ್ಬರು ಸೈಕಲ್ಲಿನಲ್ಲಿ ಬಂದು ಬಾಗಿಲು ಬಡಿಯುವುದು ಖಾತ್ರಿಯಾಗಿತ್ತು. ಟೇಪನ್ನು ಓದುವ ಹೆಡ್ಡಿಗೆ ಧೂಳು ಕೂತಿರುತ್ತಿತ್ತು, ಇಲ್ಲವೇ ಟೇಪು ಸಿಕ್ಕಿಹಾಕಿಕೊಂಡು ಇಡ್ಲಿಯ ಹಬೆಯಲ್ಲಿ ಬೆಂದ ಬಾಳೆಯೆಲೆಯಂತೆ ಮುದುಡಿರುತ್ತಿತ್ತು. ಸ್ಪಿರಿಟ್ ಇಲ್ಲದಾಗ ಹೊಸ ಹತ್ತು ರೂಪಾಯಿಯ ನೋಟಿನ ಅಂಚಿನಿಂದ ಹೆಡ್ ಒರೆಸಿದವರಲ್ಲಿ ನಾನೂ ಒಬ್ಬ. ಮಾಡಬಾರದಾಗಿತ್ತು, ಆದರೆ ಸಿನಿಮಾ ಓಡುತ್ತಿತ್ತು.

ವಿ.ಸಿ.ಡಿ. ಬಂದ ಮೇಲೆ ಉಜ್ಜುವಿಕೆ ನಿಂತಿತು, ಹೊಸ ತಲೆನೋವು ಶುರುವಾಯಿತು. ಒಂದು ಡಿಸ್ಕಿಗೆ 74 ನಿಮಿಷ ಹಿಡಿಯುತ್ತಿದ್ದುದರಿಂದ ನಮ್ಮ ಸಿನಿಮಾಗಳಿಗೆ ಎರಡೋ ಮೂರೋ ಡಿಸ್ಕು ಬೇಕಾಗುತ್ತಿತ್ತು, ಮತ್ತು ಕೈಕೊಡುತ್ತಿದ್ದದ್ದು ಪ್ರತಿ ಸಲವೂ ಕೊನೆಯದೇ ಎಂದು ಗಿರಾಕಿಗಳು ಆಣೆ ಮಾಡಿ ಹೇಳುತ್ತಿದ್ದರು. ಮುಂದೆ ಮೋಸರ್ ಬೇರ್ ಕಂಪನಿ ವಿ.ಸಿ.ಡಿ.ಯನ್ನು 28 ರೂಪಾಯಿಗೂ ಡಿ.ವಿ.ಡಿ.ಯನ್ನು 34 ರೂಪಾಯಿಗೂ ಮಾರಾಟಕ್ಕೆ ಬಿಟ್ಟಾಗ ಬಾಡಿಗೆಯ ಲೆಕ್ಕವೇ ತಲೆಕೆಳಗಾಯಿತು. ಆ ಕಂಪನಿಯೂ 2018ರಲ್ಲಿ ದಿವಾಳಿಯಾಗಿ ಮುಚ್ಚುವ ಹಂತಕ್ಕೆ ಬಂತು ಎಂಬುದು ಬೇರೆ ಮಾತು.

ಆದ್ದರಿಂದ ಇಂದು ರಾತ್ರಿಯ ಪ್ರಶ್ನೆಯಲ್ಲಿ ನನ್ನ ಮತ ನಿಸ್ಸಂಶಯವಾಗಿ ಸ್ಟ್ರೀಮಿಂಗಿಗೆ. ನನ್ನ ಮೊಮ್ಮಗಳಿಗೆ ಹೆಡ್ ಒರೆಸುವುದು ಎಂದರೇನೆಂದು ಗೊತ್ತಿಲ್ಲ, ಗೊತ್ತಾಗಬೇಕೆಂಬ ಆಸೆಯೂ ನನಗಿಲ್ಲ.

ಬಿಟ್‌ಲೆಕ್ಕ

ಮೇಲಿನವರು ಹೇಳಿದ ಎರಡು ತೊಂದರೆಗಳು ಬೇರೆ ಬೇರೆ ಜಾತಿಯವು. ಕ್ಯಾಸೆಟ್ಟಿನಲ್ಲಿ ಸಂಕೇತ ಅನಲಾಗ್ ಆದ್ದರಿಂದ ಅದು ಹಂತಹಂತವಾಗಿ ಕೆಡುತ್ತದೆ. ಬಣ್ಣ ಸೋರುತ್ತದೆ, ಗೆರೆ ಬರುತ್ತದೆ, ಆದರೂ ಏನೋ ಒಂದು ಕಾಣುತ್ತಲೇ ಇರುತ್ತದೆ. ಡಿಸ್ಕಿನಲ್ಲಿ ತಪ್ಪು ತಿದ್ದುವ ಗಣಿತವಿದೆ. ರೀಡ್-ಸಾಲೊಮನ್ ಎಂಬ ಈ ವಿಧಾನ ಸಿ.ಡಿ.ಯ ಹಾದಿಯಲ್ಲಿ ಸುಮಾರು ಎರಡೂವರೆ ಮಿಲಿಮೀಟರ್ ಉದ್ದದ ಮಾಹಿತಿ ಪೂರ್ತಿ ನಾಶವಾದರೂ ಅದನ್ನು ಮರಳಿ ಕಟ್ಟಬಲ್ಲದು. ಹಾಗಾಗಿ ಡಿಸ್ಕ್ ಒಳಗೊಳಗೇ ಕೆಡುತ್ತಿದ್ದರೂ ನೋಡುವವರಿಗೆ ತಿಳಿಯುವುದಿಲ್ಲ, ಗಣಿತದ ಶಕ್ತಿ ಮೀರಿದ ಕ್ಷಣದಲ್ಲಿ ಚಿತ್ರ ಒಮ್ಮೆಗೇ ಚೌಕಚೌಕವಾಗಿ ನಿಂತುಬಿಡುತ್ತದೆ. ವಿ.ಸಿ.ಡಿ.ಗಳು ಡಿ.ವಿ.ಡಿ.ಗಿಂತ ಹೆಚ್ಚು ಕಾಡಿದ್ದಕ್ಕೆ ಒಂದು ಸ್ಪಷ್ಟ ಕಾರಣವಿದೆ: ಕಂಪ್ಯೂಟರ್ ಕಡತಗಳನ್ನು ಹೊತ್ತ ಸಿ.ಡಿ.ಯಲ್ಲಿ ಇರುವ ಇನ್ನೊಂದು ಸುತ್ತಿನ ತಿದ್ದುಪಡಿ ಮಾಹಿತಿಯನ್ನು, ವಿಡಿಯೋಗೆ ಜಾಗ ಉಳಿಸಲೆಂದು, ವಿ.ಸಿ.ಡಿ.ಯಲ್ಲಿ ಬಿಟ್ಟುಬಿಟ್ಟಿದ್ದರು.

ಗೀರಿನ ಬಗ್ಗೆಯೂ ಒಂದು ತಪ್ಪುಕಲ್ಪನೆ ಇದೆ. ಹೊಳೆಯುವ ಬದಿಗೆ ಗೀರಾಗಬಾರದೆಂದು ಎಲ್ಲರೂ ಡಿಸ್ಕನ್ನು ಹೊಳಪು ಮೇಲೆ ಮಾಡಿ ಮೇಜಿನ ಮೇಲೆ ಇಡುತ್ತಿದ್ದರು. ಸಿ.ಡಿ. ಮತ್ತು ವಿ.ಸಿ.ಡಿ.ಗಳಲ್ಲಿ ಮಾಹಿತಿ ಹೊತ್ತ ಲೋಹದ ಪದರ ಇರುವುದು ಲೇಬಲ್ಲಿನ ಬದಿಯಲ್ಲಿ, ತೆಳುವಾದ ಲ್ಯಾಕರ್ ಬಣ್ಣದ ಕೆಳಗೆ. ಅಲ್ಲಿ ಆದ ಗೀರನ್ನು ಯಾವ ಟೂತ್‌ಪೇಸ್ಟೂ ಸರಿಪಡಿಸಲಾರದು. ಡಿ.ವಿ.ಡಿ.ಯಲ್ಲಿ ಆ ಪದರವನ್ನು ತಲಾ 0.6 ಮಿಲಿಮೀಟರಿನ ಎರಡು ಪ್ಲಾಸ್ಟಿಕ್ ತಟ್ಟೆಗಳ ನಡುವೆ ಅಂಟಿಸಿದ್ದಾರೆ, ಆದ್ದರಿಂದ ಎರಡೂ ಬದಿಗೆ ರಕ್ಷಣೆ ಇದೆ. ಡಿ.ವಿ.ಡಿ.ಯ ನಂತರ ಬಂದ ಬ್ಲೂ-ರೇ ಡಿಸ್ಕಿನಲ್ಲಿ ಅದು ಹೊಳೆಯುವ ಬದಿಯಿಂದ ಕೇವಲ 0.1 ಮಿಲಿಮೀಟರ್ ಒಳಗಿದೆ, ಅದಕ್ಕೇ ಅದರ ಮೇಲೆ ಗಟ್ಟಿಯಾದ ಲೇಪ ಕೊಡುತ್ತಾರೆ.

ಸ್ಟ್ರೀಮಿಂಗಿನಲ್ಲಿ ಸವೆಯುವ ವಸ್ತುವೇ ನಿಮ್ಮ ಬಳಿ ಇಲ್ಲ, ನಿಜ. ಆದರೆ ಸಿನಿಮಾ ನಿಮ್ಮ ತೆರೆಗೆ ಬರಬೇಕಾದರೆ ಮೂಲ ಸರ್ವರ್, ನಿಮ್ಮ ಹತ್ತಿರದ ಸಂಗ್ರಹ ಸರ್ವರ್, ಇಂಟರ್ನೆಟ್ ಕಂಪನಿಯ ಜಾಲ, ಬೀದಿಯ ಫೈಬರ್, ರೌಟರ್, ವೈ-ಫೈ, ಟಿ.ವಿ.ಯ ಆ್ಯಪ್, ಅದರೊಳಗೆ ನೋಡಲು ಅನುಮತಿ ಕೊಡುವ ಬೀಗದ ಕೈ ಎಲ್ಲವೂ ಅದೇ ಕ್ಷಣದಲ್ಲಿ ಸರಿಯಾಗಿರಬೇಕು. ಈ ಸರಪಳಿಯ ದೌರ್ಬಲ್ಯವನ್ನು ಮರೆಸಲು ಸೇವೆಗಳು ಒಂದು ಜಾಣ ಉಪಾಯ ಮಾಡಿವೆ. ಪ್ರತಿ ಸಿನಿಮಾವನ್ನೂ ಕೆಲವೇ ಸೆಕೆಂಡುಗಳ ತುಂಡುಗಳಾಗಿ, ಒಂದೊಂದು ತುಂಡನ್ನೂ ಹಲವು ಗುಣಮಟ್ಟಗಳಲ್ಲಿ ಇಟ್ಟಿರುತ್ತವೆ, ಜಾಲ ಸೊರಗಿದಾಗ ಸದ್ದಿಲ್ಲದೆ ಕೆಳದರ್ಜೆಯ ತುಂಡನ್ನು ಕೊಡುತ್ತವೆ. ನಿಲ್ಲಲಿಲ್ಲವೆಂಬ ಸಮಾಧಾನದಲ್ಲಿ ನಾವು ಮಸುಕಾದದ್ದನ್ನು ಲೆಕ್ಕಕ್ಕೆ ಹಿಡಿಯುವುದಿಲ್ಲ. 2020ರ ಮಾರ್ಚ್‌ನಲ್ಲಿ ಲಾಕ್‌ಡೌನ್ ಆರಂಭವಾದಾಗ ನಮ್ಮ ದೇಶದ ಸೇವೆಗಳೆಲ್ಲ ಒಪ್ಪಂದ ಮಾಡಿಕೊಂಡು ಮೊಬೈಲ್ ಜಾಲದಲ್ಲಿ ಚಿತ್ರದ ಸ್ಪಷ್ಟತೆಯನ್ನು 480 ಗೆರೆಗಳಿಗೆ ಇಳಿಸಿದ್ದವು. ಒಂದು ಡಿ.ವಿ.ಡಿ. ಯಾವ ಸಂಕಟದಲ್ಲೂ ತನ್ನ ಗೆರೆಗಳನ್ನು ಕಡಿಮೆ ಮಾಡಿಕೊಳ್ಳುವುದಿಲ್ಲ. ಅದರಲ್ಲಿ ಮೊದಲೇ ಹೆಚ್ಚು ಇರಲಿಲ್ಲ ಎನ್ನುವವರೊಡನೆ ನಾನು ಜಗಳವಾಡುವುದಿಲ್ಲ.

ದೊಡ್ಡ ಜಾಲಗಳು ಕುಸಿಯುತ್ತವೆಯೇ ಎಂದರೆ, ಅಪರೂಪಕ್ಕೆ. 2023ರ ನವೆಂಬರ್ 19ರ ವಿಶ್ವಕಪ್ ಕ್ರಿಕೆಟ್ ಫೈನಲ್ ಪಂದ್ಯವನ್ನು ಹಾಟ್‌ಸ್ಟಾರ್‌ನಲ್ಲಿ ಒಂದೇ ಹೊತ್ತಿಗೆ 5.9 ಕೋಟಿ ಜನ ನೋಡಿದರು, ಅದು ಕುಸಿಯದೆ ತಡೆದುಕೊಂಡಿತು. ಮರುವರ್ಷದ ನವೆಂಬರ್‌ನಲ್ಲಿ ಟೆಕ್ಸಾಸ್‌ನ ಬಾಕ್ಸಿಂಗ್ ಪಂದ್ಯವೊಂದನ್ನು ನೆಟ್‌ಫ್ಲಿಕ್ಸ್ ನೇರಪ್ರಸಾರ ಮಾಡಿದಾಗ ಅನೇಕರಿಗೆ ತಿರುಗುವ ಚಕ್ರವೇ ಗತಿಯಾಯಿತು. 2025ರ ಅಕ್ಟೋಬರ್ 20ರಂದು ಅಮೆಜಾನ್‌ನ ಅಮೆರಿಕದ ಒಂದು ಸರ್ವರ್ ವಲಯದಲ್ಲಿ ಉಂಟಾದ ದೋಷದಿಂದ ಜಗತ್ತಿನ ಎಷ್ಟೋ ಆ್ಯಪ್‌ಗಳು ಒಟ್ಟಿಗೆ ಮಲಗಿದವು. ದಾವಣಗೆರೆಯ ಒಂದು ವಿ.ಸಿ.ಪಿ. ಕೆಟ್ಟರೆ ಹರಿಹರದ ವಿ.ಸಿ.ಪಿ.ಗೆ ಏನೂ ಆಗುತ್ತಿರಲಿಲ್ಲ, ಇಲ್ಲಿ ಒಂದು ಕೆಟ್ಟರೆ ಎಲ್ಲರದೂ ಕೆಡುತ್ತದೆ.

ತುಂಗಾತೀರ

ತೀರ್ಥಹಳ್ಳಿ ಕಡೆಯ ನಮ್ಮ ಮನೆಗಳಲ್ಲಿ ಮಳೆಗಾಲದ ಮೂರು ತಿಂಗಳು ಕರೆಂಟೇ ನೆಚ್ಚಿಕೆಯ ವಸ್ತುವಲ್ಲವಾದ್ದರಿಂದ ಈ ಚರ್ಚೆ ಸ್ವಲ್ಪ ಮೇಲ್ಜಾತಿಯ ಚರ್ಚೆಯಂತೆ ಕಾಣುತ್ತದೆ. ಮನೆಯ ಯು.ಪಿ.ಎಸ್. ಟಿ.ವಿ.ಯನ್ನೂ ಡಿ.ವಿ.ಡಿ. ಪ್ಲೇಯರನ್ನೂ ಎರಡು ಗಂಟೆ ಎಳೆಯಬಲ್ಲದು, ಗುಡ್ಡದ ಮೇಲಿನ ಟವರಿನ ಬ್ಯಾಟರಿಯ ಮೇಲೆ ನನಗೆ ಯಾವ ಅಧಿಕಾರವೂ ಇಲ್ಲ. ಡೌನ್‌ಲೋಡ್ ಮಾಡಿಟ್ಟುಕೊಳ್ಳಿ ಎಂದು ಬೆಂಗಳೂರಿನ ಮಗ ಹೇಳಿದ. ಮಾಡಿಟ್ಟೆ. ಮೊದಲ ಅರ್ಧ ಗಂಟೆ ನೋಡಿ ಎದ್ದು ಹೋಗಿ, ಅಡಿಕೆ ಔಷಧಿ ಹೊಡೆಯುವ ಗಡಿಬಿಡಿ ಮುಗಿಸಿಕೊಂಡು ಮೂರನೆಯ ದಿನ ಬಂದರೆ ಅವಧಿ ಮುಗಿದಿದೆ, ಇಂಟರ್ನೆಟ್‌ಗೆ ಸೇರಿ ನವೀಕರಿಸಿ ಎಂದು ಬರೆದುಕೊಂಡಿತ್ತು. ಇಂಟರ್ನೆಟ್ ಇದ್ದಿದ್ದರೆ ಡೌನ್‌ಲೋಡ್ ಏಕೆ ಮಾಡುತ್ತಿದ್ದೆ?

ಹೊರನಾಡಿಗ

ಜರ್ಮನಿಯಲ್ಲಿ ಹದಿನೈದು ವರ್ಷಗಳಿಂದ ಇರುವ ನನ್ನ ಅನುಭವ ಎರಡೂ ಕಡೆಯವರನ್ನು ಬೇಸರಪಡಿಸೀತು. ಬೆಂಗಳೂರಿನಿಂದ ಸೂಟ್‌ಕೇಸಿನಲ್ಲಿ ತಂದ ಡಿ.ವಿ.ಡಿ.ಗಳಲ್ಲಿ, ಮಾರಾಟಕ್ಕೆಂದು ಜಗತ್ತನ್ನು ಹಂಚಿದ್ದ ಎಲ್ಲ ವಲಯಗಳಿಗೂ ತೆರೆದಿಟ್ಟವು ಇಲ್ಲಿ ಓಡಿದವು. ಭಾರತದ 5ನೇ ವಲಯಕ್ಕೆ ಮಾತ್ರ ಎಂದು ಬೀಗ ಹಾಕಿದ್ದವು 2ನೇ ವಲಯದ ಇಲ್ಲಿನ ಪ್ಲೇಯರಿನಲ್ಲಿ ಓಡಲಿಲ್ಲ. ಡಿಸ್ಕು ನನ್ನದು, ಪ್ಲೇಯರು ನನ್ನದು, ಎರಡಕ್ಕೂ ಹಣ ಕೊಟ್ಟವನು ನಾನು, ಆದರೂ ತೆರೆಯ ಮೇಲೆ ಬಂದದ್ದು ತಪ್ಪು ವಲಯ ಎಂಬ ಸೂಚನೆ. ಭಾರತದಲ್ಲಿ ಸಿಗುವ ಕನ್ನಡ ಸಿನಿಮಾ ಅದೇ ಸೇವೆಯ ಇಲ್ಲಿನ ಪಟ್ಟಿಯಲ್ಲಿ ಇಲ್ಲದಿರುವುದು ಆ ಹಳೆಯ ಬೀಗದ ಹೊಸ ಅವತಾರ ಅಷ್ಟೆ.

ಆದರೆ ಒಂದು ವ್ಯತ್ಯಾಸವನ್ನು ಒಪ್ಪಲೇಬೇಕು. ಮೊದಲ ದಿನ ಓಡಿದ ಡಿ.ವಿ.ಡಿ.ಯನ್ನು ಆಮೇಲೆ ಯಾರೂ ನನ್ನ ಕಪಾಟಿನಿಂದ ತೆಗೆದುಕೊಂಡು ಹೋಗಲಿಲ್ಲ. ಇಲ್ಲಿ ಮತ್ತು ಆಸ್ಟ್ರಿಯಾದಲ್ಲಿ ಸೋನಿಯ ಪ್ಲೇಸ್ಟೇಷನ್ ಅಂಗಡಿಯಿಂದ ಸ್ಟುಡಿಯೋಕೆನಾಲ್ ಕಂಪನಿಯ ಸಿನಿಮಾಗಳನ್ನು ಹಣ ಕೊಟ್ಟು ‘ಖರೀದಿ’ ಮಾಡಿದ್ದವರಿಗೆ, 2022ರ ಆಗಸ್ಟ್ 31ರಿಂದ ಅವು ನಿಮ್ಮ ಸಂಗ್ರಹದಲ್ಲಿ ಇರುವುದಿಲ್ಲ ಎಂದು ತಿಳಿಸಲಾಯಿತು. ಬಾಡಿಗೆಯದಲ್ಲ, ಚಂದಾದ್ದಲ್ಲ, ಖರೀದಿಯದು ಎಂಬುದನ್ನು ಗಮನಿಸಬೇಕು. ಮರುವರ್ಷ ಡಿಸ್ಕವರಿ ವಾಹಿನಿಯ ಕಾರ್ಯಕ್ರಮಗಳಿಗೂ ಅದೇ ಗತಿ ಎಂದು ಅದೇ ಅಂಗಡಿ ಪ್ರಕಟಿಸಿ, ಗಲಾಟೆಯಾದ ಮೇಲೆ ಹಿಂದೆಗೆಯಿತು. ಅಮೆರಿಕದಲ್ಲಿ ಹಾಲಿವುಡ್ ಸ್ಟುಡಿಯೋಗಳೇ ಮುಂದೆ ನಿಂತು ಆರಂಭಿಸಿದ್ದ ಅಲ್ಟ್ರಾವಯೊಲೆಟ್ ಎಂಬ ಡಿಜಿಟಲ್ ಕಪಾಟು 2019ರ ಜುಲೈ 31ಕ್ಕೆ ಮುಚ್ಚಿತು. ಫ್ಯೂನಿಮೇಷನ್ ಎಂಬ ಅನಿಮೆ (ಜಪಾನಿ ಕಾರ್ಟೂನ್) ಸೇವೆಯು ಡಿಸ್ಕ್ ಕೊಂಡವರಿಗೆ ಜೊತೆಯಲ್ಲಿ ಶಾಶ್ವತ ಎಂದು ಕೊಟ್ಟಿದ್ದ ಡಿಜಿಟಲ್ ಪ್ರತಿಗಳು 2024ರ ಏಪ್ರಿಲ್ 2ರಂದು ಆ ಸೇವೆಯ ಜೊತೆಗೇ ಹೋದವು. ಉಳಿದದ್ದು ಅವರು ಕೊಂಡಿದ್ದ ಡಿಸ್ಕುಗಳು.

ಕ್ಯಾಲಿಫೋರ್ನಿಯಾದಲ್ಲಿ 2025ರ ಜನವರಿ 1ರಿಂದ ಜಾರಿಗೆ ಬಂದ ಕಾನೂನಿನ ಪ್ರಕಾರ, ಹಿಂತೆಗೆದುಕೊಳ್ಳಬಹುದಾದ ಪರವಾನಗಿಯನ್ನಷ್ಟೇ ಮಾರುವವರು ಅದನ್ನು ಸ್ಪಷ್ಟವಾಗಿ ತಿಳಿಸದೆ ‘ಖರೀದಿಸಿ’ ಎಂಬ ಗುಂಡಿಯನ್ನು ಇಡುವಂತಿಲ್ಲ. ಗಮನಿಸಿ, ಕಿತ್ತುಕೊಳ್ಳಬಾರದು ಎಂದಲ್ಲ, ಕಿತ್ತುಕೊಳ್ಳಬಹುದು ಎಂದು ಮೊದಲೇ ಹೇಳಿ ಎಂದು.

ಹಳೇರೀಲು

ಎಲ್ಲರ ಬರಹಗಳನ್ನೂ ಎರಡೆರಡು ಸಲ ಓದಿದೆ. ಡಿಸ್ಕು ಒಂದು ಕಡೆ, ತಂತಿ ಒಂದು ಕಡೆ ಎಂದು ನಾನು ಗೆರೆ ಎಳೆದದ್ದೇ ತಪ್ಪೆಂದು ಈಗ ಅನ್ನಿಸುತ್ತಿದೆ. ಹೊರನಾಡಿಗರ ವಲಯದ ಬೀಗದ ಮಾತು ಓದಿದಾಗ ನನಗೆ ನೆನಪಾದದ್ದು ಅಮೆರಿಕದಲ್ಲಿ 1998ರಲ್ಲಿ ಮಾರುಕಟ್ಟೆಗೆ ಬಂದ ಡೈವೆಕ್ಸ್ ಎಂಬ ಡಿಸ್ಕು. ನೋಡಲು ಡಿ.ವಿ.ಡಿ.ಯಂತೆಯೇ ಇತ್ತು, ಬೆಲೆ ಕಡಿಮೆ. ಆದರೆ ಮೊದಲ ಸಲ ಹಾಕಿದ 48 ಗಂಟೆಗಳ ನಂತರ ಮತ್ತೆ ನೋಡಬೇಕಾದರೆ ಪ್ಲೇಯರು ಟೆಲಿಫೋನ್ ತಂತಿಯ ಮೂಲಕ ಕಂಪನಿಯನ್ನು ಕೇಳಬೇಕಿತ್ತು, ಹಣ ಕೊಡಬೇಕಿತ್ತು. ಒಂದೇ ವರ್ಷದಲ್ಲಿ ಯೋಜನೆ ನೆಲಕಚ್ಚಿತು, 2001ರಲ್ಲಿ ಕಂಪನಿಯ ಫೋನು ಮೌನವಾಯಿತು, ಗೀರಿಲ್ಲದ, ಧೂಳಿಲ್ಲದ ಡಿಸ್ಕುಗಳು ಬರೀ ತಟ್ಟೆಗಳಾದವು. ಇನ್ನೂ ಹತ್ತಿರದ ಉದಾಹರಣೆ ಬೇಕೆಂದರೆ, 4ಕೆ ಬ್ಲೂ-ರೇಯನ್ನು ಕಂಪ್ಯೂಟರಿನಲ್ಲಿ ನೋಡಲು ಇಂಟೆಲ್ ಚಿಪ್ಪಿನೊಳಗಿನ ಒಂದು ಭದ್ರತಾ ಸೌಲಭ್ಯ ಕಡ್ಡಾಯವಾಗಿತ್ತು. ಇಂಟೆಲ್ ತನ್ನ ಹೊಸ ಪೀಳಿಗೆಯ ಚಿಪ್ಪುಗಳಿಂದ ಅದನ್ನು ಕೈಬಿಟ್ಟಾಗ, ಆ ಡಿಸ್ಕುಗಳು ಹೊಸ ಕಂಪ್ಯೂಟರುಗಳಲ್ಲಿ ಓಡದಾದವು.

ಆದ್ದರಿಂದ ನನ್ನ ಪ್ರಶ್ನೆಯನ್ನು ಹೀಗೆ ತಿದ್ದಿಕೊಳ್ಳುತ್ತೇನೆ. ಆ ಕ್ಷಣದಲ್ಲಿ ದೂರದ ಯಾರದಾದರೂ ಒಪ್ಪಿಗೆ ಬೇಕೇ, ಬೇಡವೇ? ಅಟ್ಟದ ಕ್ಯಾಸೆಟ್ ಯಾರನ್ನೂ ಕೇಳಲಿಲ್ಲ. ಅದು ಕೆಟ್ಟಿತ್ತು, ಅರ್ಧ ಕೆಟ್ಟ ಸ್ಥಿತಿಯಲ್ಲೇ ನಮ್ಮೊಡನೆ ಮಾತಾಡಿತು. ಪಟ್ಟಿಯಿಂದ ಹೋದ ಸಿನಿಮಾ ಕೆಡಲೇ ಇಲ್ಲ. ಅದು ಎಲ್ಲೋ ಒಂದು ಸರ್ವರಿನಲ್ಲಿ ಒಂದು ಬಿಟ್ಟೂ ಕಳೆಯದೆ ಸುಖವಾಗಿದೆ, ನಮಗೆ ಇಲ್ಲ ಅಷ್ಟೆ. ವಸ್ತು ಕೆಟ್ಟರೆ ಉಜ್ಜಬಹುದು, ಅಂಟಿಸಬಹುದು, ಕ್ಯಾಸೆಟ್ ಅಂಗಡಿಯವರ ಬಾಗಿಲು ಬಡಿಯಬಹುದು. ಒಪ್ಪಿಗೆ ಹೋದರೆ ಯಾರ ಬಾಗಿಲು ಬಡಿಯುವುದು?

ದಾಖಲೆಪೆಟ್ಟಿಗೆ

ಮೈಸೂರಿನ ಗ್ರಂಥಾಲಯವೊಂದರಲ್ಲಿ ಧ್ವನಿ ಮತ್ತು ದೃಶ್ಯ ಸಂಗ್ರಹವನ್ನು ನೋಡಿಕೊಳ್ಳುವ ಕೆಲಸ ನನ್ನದು. ಹಳೇರೀಲು ಅವರ ವಾದ ಚೆನ್ನಾಗಿದೆ, ಆದರೆ ಅದು ಅಟ್ಟದ ಮೇಲೆ ಅತಿಯಾದ ವಿಶ್ವಾಸ ಇಡುವಂತೆ ಓದುಗರನ್ನು ಪ್ರೇರೇಪಿಸೀತೆಂಬ ಭಯದಿಂದ ಬರೆಯುತ್ತಿದ್ದೇನೆ.

ಯಂತ್ರದ ಒಪ್ಪಿಗೆಯೂ ಒಂದು ಒಪ್ಪಿಗೆಯೇ. ಜೆ.ವಿ.ಸಿ. ಕಂಪನಿ 1976ರಲ್ಲಿ ಜಪಾನಿನಲ್ಲಿ ಬಿಡುಗಡೆ ಮಾಡಿದ ವಿ.ಎಚ್.ಎಸ್. ಮಾದರಿಯ ಯಂತ್ರಗಳನ್ನು ಕೊನೆಯವರೆಗೂ ತಯಾರಿಸುತ್ತಿದ್ದ ಫುನಾಯ್ ಕಂಪನಿ 2016ರ ಜುಲೈನಲ್ಲಿ ನಿಲ್ಲಿಸಿತು. ಸೋನಿ, ವಿ.ಎಚ್.ಎಸ್.ಗೆ ಪ್ರತಿಸ್ಪರ್ಧಿಯಾಗಿದ್ದ ತನ್ನ ಬೀಟಾಮ್ಯಾಕ್ಸ್ ಕ್ಯಾಸೆಟ್‌ಗಳನ್ನು ಅದೇ ವರ್ಷದ ಮಾರ್ಚ್‌ನಲ್ಲಿ ನಿಲ್ಲಿಸಿತ್ತು. ಒಪ್ಪೊ 2018ರಲ್ಲಿ, ಸ್ಯಾಮ್‌ಸಂಗ್ 2019ರಲ್ಲಿ ಹೊಸ ಬ್ಲೂ-ರೇ ಪ್ಲೇಯರುಗಳ ದಾರಿಯಿಂದ ಹೊರಬಂದವು. ನಿಮ್ಮ ನೆಂಟರ ಮನೆಯ ವಿ.ಸಿ.ಪಿ.ಯ ರಬ್ಬರ್ ಬೆಲ್ಟು ಹರಿದ ದಿನ ಅದಕ್ಕೆ ಬದಲಿ ಹುಡುಕಲು ಹೊರಟರೆ ನನ್ನ ಮಾತು ಅರ್ಥವಾಗುತ್ತದೆ.

ಅಚ್ಚಿನ ಡಿಸ್ಕುಗಳೂ ಅಮರವಲ್ಲ. ಡಿ.ವಿ.ಡಿ.ಗೂ ಮೊದಲಿನ, 1980ರ ದಶಕದ ಲೇಸರ್‌ಡಿಸ್ಕುಗಳಲ್ಲಿ ಅಂಟು ಸರಿಯಿಲ್ಲದೆ ಗಾಳಿ ಒಳಹೊಕ್ಕು ಅಲ್ಯುಮಿನಿಯಂ ಪದರ ತುಕ್ಕು ಹಿಡಿದದ್ದನ್ನು ಲೇಸರ್ ರಾಟ್ ಎಂದು ಕರೆದರು. ಡಿ.ವಿ.ಡಿ.ಗಳ ಕಾಲಕ್ಕೆ ಆ ರೋಗ ಮುಗಿಯಿತೆಂದುಕೊಂಡಿದ್ದೆವು. 2006ರಿಂದ 2008ರ ನಡುವೆ ತಯಾರಾದ ತನ್ನ ಕೆಲವು ಡಿ.ವಿ.ಡಿ.ಗಳು ಓಡದಂತಾಗಿರುವುದನ್ನು ವಾರ್ನರ್ ಬ್ರದರ್ಸ್ ಸಂಸ್ಥೆ 2025ರಲ್ಲಿ ಒಪ್ಪಿಕೊಂಡಿತು. ಕಪಾಟಿನಲ್ಲಿ ಮುಟ್ಟದೆ ಇಟ್ಟವೂ ಹಾಳಾಗಿದ್ದವು.

ಎಲ್ಲಕ್ಕಿಂತ ಹೆಚ್ಚು ಆತಂಕದ ವಸ್ತು ಬೇರೆಯೇ ಇದೆ, ಮತ್ತು ಅದು ಬಹುತೇಕ ಎಲ್ಲರ ಮನೆಯಲ್ಲೂ ಇದೆ. 2000ದ ದಶಕದಲ್ಲಿ ಸ್ಟುಡಿಯೋದವರು ಬರೆದುಕೊಟ್ಟ ಮದುವೆಯ ಡಿ.ವಿ.ಡಿ.! ಅಂಗಡಿಯಲ್ಲಿ ಮಾರುವ ಸಿನಿಮಾದ ಡಿಸ್ಕಿನಲ್ಲಿ ಮಾಹಿತಿಯನ್ನು ಅಚ್ಚೊತ್ತಿ ಗುಳಿಗಳಾಗಿ ಮೂಡಿಸಿರುತ್ತಾರೆ. ಬರೆದುಕೊಟ್ಟ ಡಿಸ್ಕಿನಲ್ಲಿ ಅದು ಲೇಸರಿನಿಂದ ಸುಟ್ಟ ಬಣ್ಣದ ಪದರದಲ್ಲಿ ಇರುತ್ತದೆ. ಆ ಬಣ್ಣ ಬಿಸಿಲಿಗೆ, ಬೇಸಿಗೆಗೆ, ತೇವಕ್ಕೆ ಮಂಕಾಗುತ್ತದೆ. ಅಜ್ಜಿಯ ಮದುವೆಯ ಫೋಟೋ ಇದೆ, ಅಮ್ಮನ ಮದುವೆಯ ಕ್ಯಾಸೆಟ್ ಓಡುತ್ತದೆ, ಅಕ್ಕನ ಮದುವೆಯ ಡಿ.ವಿ.ಡಿ. ಮಾತ್ರ ತೆರೆಯುವುದಿಲ್ಲ ಎಂದು ನನ್ನ ಬಳಿಗೆ ಬಂದವರಿದ್ದಾರೆ.

ಕ್ಯಾಸೆಟ್ಟಿನ ಕಿಟಕಿಯೊಳಗೆ ಟೇಪಿನ ಸುರುಳಿಯ ಅಂಚಿನಲ್ಲಿ ಬಿಳಿಯ ಪುಡಿಯಂಥದ್ದು ಕಂಡರೆ ಅದು ಬೂಷ್ಟು. ದಯವಿಟ್ಟು ಮತ್ತೆ ಯಂತ್ರಕ್ಕೆ ಹಾಕಬೇಡಿ. ಬೂಷ್ಟು ಹೆಡ್ಡಿಗೆ ಹತ್ತಿ ನಂತರ ಹಾಕಿದ ಪ್ರತಿ ಕ್ಯಾಸೆಟ್ಟಿಗೂ ಹರಡುತ್ತದೆ. ಮಲೆನಾಡು, ಕರಾವಳಿಗಳ ಸಂಗ್ರಹಗಳಿಗೆ ಇದೇ ಮೊದಲ ಶತ್ರು. ಒಣಗಿಸಿ, ಶುಚಿಮಾಡಿ, ಒಮ್ಮೆ ಓಡಿಸಿ, ಆ ಒಂದೇ ಓಟದಲ್ಲಿ ಡಿಜಿಟಲ್ ಕಡತವಾಗಿ ಹಿಡಿದುಕೊಂಡು, ಎರಡು ಬೇರೆ ಬೇರೆ ಹಾರ್ಡ್‌ಡಿಸ್ಕುಗಳಲ್ಲಿ, ಸಾಧ್ಯವಾದರೆ ಎರಡು ಬೇರೆ ಊರುಗಳಲ್ಲಿ ಇಡಬೇಕು. ಮೂಲವನ್ನು ಎಸೆಯಬಾರದು. ಕನ್ನಡದ ಮೊದಲ ವಾಕ್ಚಿತ್ರವಾದ 1934ರ ‘ಸತಿ ಸುಲೋಚನಾ’ದ ಪ್ರತಿ ಇಂದು ಲಭ್ಯವಿಲ್ಲ, ಪುಣೆಯ ರಾಷ್ಟ್ರೀಯ ಚಲನಚಿತ್ರ ಸಂಗ್ರಹಾಲಯ ಸ್ಥಾಪನೆಯಾದದ್ದು ಅದಾದ ಮೂವತ್ತು ವರ್ಷಗಳ ಮೇಲೆ, 1964ರಲ್ಲಿ.

ಕ್ಯಾಸೆಟ್ ಅಂಗಡಿ

ದಾಖಲೆಪೆಟ್ಟಿಗೆಯವರ ಮಾತಿಗೆ ನನ್ನದೊಂದು ಸೇರ್ಪಡೆ, ಸ್ವಲ್ಪ ನನ್ನ ಮೊದಲಿನ ನಿಲುವಿಗೆ ವಿರುದ್ಧವಾಗಿಯೇ. ಅಂಗಡಿ ಮುಚ್ಚುವಾಗ ಉಳಿದ ಸರಕಿನಲ್ಲಿ ಎರಡು ಪೆಟ್ಟಿಗೆ ವಿ.ಸಿ.ಡಿ. ಇಟ್ಟುಕೊಂಡಿದ್ದೆ. ನಿನ್ನೆ ಅವುಗಳ ಹೆಸರುಗಳನ್ನು ಒಂದೊಂದಾಗಿ ಹುಡುಕಿ ನೋಡಿದೆ. ಕೆಲವು ಯಾವ ಚಂದಾ ಸೇವೆಯಲ್ಲೂ ಇಲ್ಲ. ಕೆಲವು ಯೂಟ್ಯೂಬಿನಲ್ಲಿ ಇವೆ, ಆದರೆ ಹಳೆಯ ಚೌಕಾಕಾರದ ಚಿತ್ರವನ್ನು ಅಗಲ ತೆರೆಗೆ ತುಂಬಿಸಲು ಮೇಲೆ ಕೆಳಗೆ ಕತ್ತರಿಸಿ, ಮೂಲೆಯಲ್ಲಿ ಕಂಪನಿಯ ಮುದ್ರೆ ಒತ್ತಿ ಹಾಕಿದ್ದಾರೆ. ಒಂದರಲ್ಲಿ ನಾಯಕನ ತಲೆ ಹಣೆಯಿಂದ ಆರಂಭವಾಗುತ್ತದೆ. ಇನ್ನೊಂದರಲ್ಲಿ ಹಾಡೇ ಇಲ್ಲ, ಹಾಡಿನ ಹಕ್ಕು ಬೇರೆಯವರದಿರಬೇಕು. 352ಕ್ಕೆ 288 ಚುಕ್ಕೆಗಳ ಮಸುಕು ವಿ.ಸಿ.ಡಿ.ಯಲ್ಲಿ ತಲೆಯೂ ಇತ್ತು, ಹಾಡೂ ಇತ್ತು. ಹಾಗಾದರೆ ಸಿನಿಮಾ ‘ಸಿಗುತ್ತದೆ’ ಎಂದು ಹೇಳುವಾಗ ಪೂರ್ತಿ ಸಿಗುತ್ತದೆಯೇ ಎಂದೂ ಕೇಳಬೇಕಲ್ಲವೇ? ನನ್ನ ಮತವನ್ನು ಹಿಂದೆಗೆಯುತ್ತಿಲ್ಲ, ಇಂದು ರಾತ್ರಿಗೆ ಸ್ಟ್ರೀಮಿಂಗೇ ಸರಿ. ಪೆಟ್ಟಿಗೆಗಳನ್ನು ಮಾತ್ರ ಗುಜರಿಗೆ ಹಾಕುವುದಿಲ್ಲ.

ಹಳೇರೀಲು

ತಡವಾದ ವರದಿ. ದಾಖಲೆಪೆಟ್ಟಿಗೆಯವರ ಬರಹ ಓದಿದ ಸಂಜೆಯೇ ಊರಿಗೆ ಫೋನು ಮಾಡಿ ಕ್ಯಾಸೆಟ್ಟಿನ ಕಿಟಕಿಯನ್ನು ಬೆಳಕಿಗೆ ಹಿಡಿದು ನೋಡಲು ಹೇಳಿದೆ. ಬಿಳಿಯ ಪುಡಿ ಇತ್ತು. ಅಂದರೆ ನಾವು ಸಂಭ್ರಮದಿಂದ ಆಟ ನೋಡಿದ ರಾತ್ರಿ, ನೆಂಟರ ವಿ.ಸಿ.ಪಿ.ಗೆ ನಮ್ಮ ಮನೆಯ ಬೂಷ್ಟನ್ನು ಹಂಚಿದ್ದೆವು. ಶಿವಮೊಗ್ಗದಲ್ಲಿ ಈ ಕೆಲಸ ತಿಳಿದ ಹಿರಿಯರೊಬ್ಬರು ಯಂತ್ರವನ್ನೂ ಟೇಪನ್ನೂ ಶುಚಿಮಾಡಿ, ಮೂರು ಗಂಟೆಯನ್ನು ಒಂದೇ ಓಟದಲ್ಲಿ ಕಡತವಾಗಿ ಹಿಡಿದುಕೊಟ್ಟರು. ಒಂದು ಪ್ರತಿ ಊರಿನಲ್ಲಿದೆ, ಒಂದು ನನ್ನ ಬಳಿ ಇದೆ, ಮೂರನೆಯದನ್ನು ತಂಗಿ ಹುಬ್ಬಳ್ಳಿಗೆ ಒಯ್ದಿದ್ದಾಳೆ.

ಪೂರ್ತಿ ಸಿಗಲಿಲ್ಲ. ಎರಡನೆಯ ಗಂಟೆಯ ನಡುವೆ, ಕರ್ಣನ ವೇಷ ರಂಗಕ್ಕೆ ಬಂದು ಭಾಗವತರು ಪದ ಎತ್ತಿಕೊಂಡ ಮೇಲೆ, ಸುಮಾರು ಹನ್ನೊಂದು ನಿಮಿಷ ಟೇಪಿನ ಲೇಪವೇ ಉದುರಿಹೋಗಿದೆ. ಮಾತಿನ ತುಣುಕುಗಳು ಕೇಳುತ್ತವೆ, ಚಿತ್ರವಿಲ್ಲ. ಆ ವರ್ಷ ಅದೇ ಮೇಳದವರು ಹೊನ್ನಾವರ, ಕುಮಟಾ ಕಡೆಯಲ್ಲೂ ಅದೇ ಪ್ರಸಂಗವನ್ನು ಆಡಿದ್ದರೆಂದು ಅಮ್ಮ ಹೇಳುತ್ತಾರೆ. ಯಾರಾದರೂ ಚಿತ್ರೀಕರಿಸಿದ್ದು ಅಟ್ಟದಲ್ಲಿ ಉಳಿದಿರಬಹುದೇ?

ಕರಾವಳಿಯವ

ಚರ್ಚೆಯನ್ನು ಮೊದಲಿನಿಂದ ಓದುತ್ತಿದ್ದೆ, ಬರೆಯುವ ಪ್ರಸಂಗ ಈಗ ಬಂತು. ಹೊನ್ನಾವರದ ನಮ್ಮ ಚಿಕ್ಕಪ್ಪನ ಮನೆಯಲ್ಲಿ 1994 ಮತ್ತು 1995ರ ಆಟಗಳ ಆರು ಕ್ಯಾಸೆಟ್‌ಗಳಿವೆ, ಎರಡರ ಮೇಲೆ ಕರ್ಣನ ಪ್ರಸಂಗ ಎಂದು ಚಿಕ್ಕಪ್ಪನ ಅಕ್ಷರದಲ್ಲಿ ಬರೆದಿದೆ. ಅಕ್ಕಿಯ ಡಬ್ಬಿಯಲ್ಲಿ ಇಟ್ಟಿದ್ದರಿಂದ ಕಿಟಕಿಯಲ್ಲಿ ಬೂಷ್ಟು ಕಾಣುತ್ತಿಲ್ಲ. ಆದರೆ ಊರಿನಲ್ಲಿ ಓಡುವ ವಿ.ಸಿ.ಪಿ. ಒಂದೂ ಉಳಿದಿಲ್ಲ, ನಾವೇ ಹಿಂದಿನ ವರ್ಷ ಗುಜರಿಯವನಿಗೆ ಕೊಟ್ಟೆವು. ನಿಮ್ಮ ನೆಂಟರ ಯಂತ್ರ ಈಗ ಶುಚಿಯಾಗಿದೆಯೆಂದಾದರೆ, ಮುಂದಿನ ಭಾನುವಾರ ಗೇರುಸೊಪ್ಪೆ ಘಾಟಿ ಹತ್ತಿಕೊಂಡು ಆರನ್ನೂ ತರುತ್ತೇನೆ. ಶಿವಮೊಗ್ಗದ ಹಿರಿಯರಿಗೆ ಮೊದಲೇ ತಿಳಿಸಿ, ಒಮ್ಮೆಗಿಂತ ಹೆಚ್ಚು ಓಡಿಸುವುದು ಬೇಡ.